ತಂಗಿಯ ಜೊತೆ ಕೋರ್ಟಿಗೆ ಓಡಾಡಿದ ಎರಡು ವರ್ಷ

ನಾನು ಟೈಲರ್. ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಅಂಗಡಿ ಇಟ್ಟು ಹದಿನಾರು ವರ್ಷ ಆಯಿತು. ತಂಗಿಯ ಬ್ಲೌಸುಗಳನ್ನೆಲ್ಲ ನಾನೇ ಹೊಲಿಯುವುದು. ಮದುವೆಯಾದ ಎರಡನೇ ವರ್ಷ, 2019ರ ಗೌರಿ ಹಬ್ಬಕ್ಕೆ ಬಂದವಳು, "ಅಕ್ಕಾ, ಈ ಸಲ ತೋಳು ಮೊಣಕೈ ದಾಟಿ ಇಡು" ಅಂದಳು. ಅದಕ್ಕೆ ಮೊದಲು ಐದು ಇಂಚಿನ ತೋಳೇ ಜಾಸ್ತಿ ಅನ್ನುತ್ತಿದ್ದವಳು. ಹೊಸ ಫ್ಯಾಷನ್ ಇರಬೇಕು ಅಂದುಕೊಂಡೆ. ಮುಂದಿನ ವರ್ಷ ಹಬ್ಬಕ್ಕೆ ಅವಳು ಬರಲಿಲ್ಲ, ಅಳತೆ ಬ್ಲೌಸ್ ಮಾತ್ರ ಬಂತು. ಆಮೇಲೊಮ್ಮೆ ಬಂದಾಗ ಟೇಪು ಹಿಡಿದು ನಿಂತೆ. "ಹಳೇ ಅಳತೆಗೇ ಹೊಲಿ, ಸುಮ್ನೆ ಯಾಕೆ" ಅಂತ ಸೆರಗು ಬಿಗಿ ಮಾಡಿಕೊಂಡಳು.

ಕೈ ಎತ್ತಿಸಿ ಅಳತೆ ತೆಗೆಯುವುದೇ ನನ್ನ ಕೆಲಸ. ನನಗೆ ಗೊತ್ತಾಗಬೇಕಿತ್ತು. ಅವಳ ಗಾಯ ಮುಚ್ಚುವ ತೋಳುಗಳನ್ನು ನಾನೇ ಹೊಲಿದುಕೊಟ್ಟೆ.

ಅವಳು ಬಾಯಿ ಬಿಟ್ಟು ಹೇಳಿದ್ದು 2021ರಲ್ಲಿ. ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ, ತಲೆ ಎತ್ತದೆ, "ಅವರು ಹೊಡೀತಾರೆ ಅಕ್ಕಾ" ಅಂದಳು. ನನ್ನ ಬಾಯಿಂದ ಬಂದ ಮೊದಲ ಮಾತು: "ಯಾಕೆ ಹೊಡೆದರು?" ಎರಡನೆಯದು: "ನೀನೇನಂದೆ?" ಅವಳು ಹುರುಳಿಕಾಯಿ ಮುಗಿಸಿ ಎದ್ದು ಹೋದಳು. ಅಮ್ಮನಿಗೆ ಹೇಳಿದಾಗ ಅಮ್ಮ ತನಗೆ ಗೊತ್ತಿದ್ದ ಒಂದೇ ಔಷಧಿ ಕೊಟ್ಟರು, "ಸ್ವಲ್ಪ ಹೊಂದ್ಕೊಂಡು ಹೋಗು, ಮಗು ಒಂದು ಶಾಲೆಗೆ ಹೋಗೋ ಹಂಗಾದ್ರೆ ಎಲ್ಲ ಸರಿ ಹೋಗುತ್ತೆ."

ಅಪ್ಪ ಮತ್ತು ಚಿಕ್ಕಪ್ಪ ಹಣ್ಣು, ಕಾಯಿ ಹಿಡಿದು ಎರಡು ಸಲ ಅವರ ಮನೆಗೆ ಹೋಗಿ ಬಂದರು. ಹಿರಿಯರು ಕೂತು ಮಾತಾಡಿದರು. ಅವನು ಅಪ್ಪನ ಕಾಲಿಗೆ ಬಿದ್ದ. ಅದಾದ ಮೇಲೆ ಎರಡು ಮೂರು ತಿಂಗಳು ಚೆನ್ನಾಗಿ ನೋಡಿಕೊಂಡ. ಒಂದು ಸಲ ಸೀರೆ ತಂದ, ಇನ್ನೊಂದು ಸಲ ಫೋನ್ ತಂದ. ಆ ಫೋನಿನಲ್ಲಿ ಅವಳು ಯಾರ ಜೊತೆ ಮಾತಾಡುತ್ತಾಳೆ ಅಂತ ದಿನಾ ತೆಗೆದು ನೋಡುತ್ತಿದ್ದ. ಅದು ನಮಗೆ ಬಹಳ ತಡವಾಗಿ ಗೊತ್ತಾಯಿತು. 2022ರಲ್ಲಿ ಮತ್ತೆ ಜಾಸ್ತಿಯಾಯಿತು. ಠಾಣೆಗೆ ಹೋದೆವು. ಯಾವ ಠಾಣೆ ಅನ್ನುವುದು ಬೇಡ. ಇಬ್ಬರನ್ನೂ ಎದುರುಬದುರು ಕೂರಿಸಿ ಬುದ್ಧಿ ಹೇಳಿದರು. ಇನ್ನು ಹೀಗೆ ಮಾಡುವುದಿಲ್ಲ ಅಂತ ಅವನ ಕೈಲಿ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಅದರ ಒಂದು ಪ್ರತಿ ಕೂಡ ನಮಗೆ ಸಿಗಲಿಲ್ಲ. ಕೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ.

ಅವಳು ಎರಡು ಸಲ ನಮ್ಮ ಮನೆಗೆ ಬಂದು, ಎರಡು ಸಲವೂ ತಾನಾಗಿಯೇ ವಾಪಸು ಹೋದಳು. ಎರಡನೇ ಸಲ ನನಗೆ ಸಿಟ್ಟು ತಡೆಯಲಾಗಲಿಲ್ಲ. ಬಸ್‌ ಸ್ಟ್ಯಾಂಡಿನಲ್ಲೇ ಅಂದುಬಿಟ್ಟೆ, "ಇನ್ನು ನನ್ನ ಹತ್ರ ಬಂದು ಅಳಬೇಡ." ಐದು ತಿಂಗಳು ಅವಳು ಫೋನ್ ಮಾಡಲಿಲ್ಲ. ಈ ಇಡೀ ಕಥೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದು. ಅವನು ಅವಳನ್ನು ಎಲ್ಲರಿಂದ ದೂರ ಮಾಡಲು ನೋಡುತ್ತಿದ್ದ. ಕೊನೇ ದಾರವನ್ನು ನಾನೇ ಕತ್ತರಿಸಿ ಕೊಟ್ಟೆ.

2023ರ ಅಕ್ಟೋಬರ್. ರಾತ್ರಿ ಒಂದೂವರೆಗೆ ಅವಳ ನಂಬರಿನಿಂದ ಒಂದು ಮಿಸ್ಡ್ ಕಾಲ್. ವಾಪಸು ಮಾಡಿದರೆ ಸ್ವಿಚ್ ಆಫ್. ಬೆಳಗಿನವರೆಗೆ ನಿದ್ದೆ ಬರಲಿಲ್ಲ. ಅಂಗಡಿ ಬಾಗಿಲು ತೆಗೆಯದೆ, ಒಳಗೆ ಕೂತು 181ಕ್ಕೆ ಫೋನ್ ಮಾಡಿದೆ. ಮಹಿಳಾ ಸಹಾಯವಾಣಿ ಅದು, ಹೊಡೆತ ತಿಂದವರೇ ಮಾಡಬೇಕು ಅಂತಿಲ್ಲ.

"ನನ್ನ ತಂಗೀನ ಹೇಗೆ ಕರ್ಕೊಂಡು ಬರೋದು?" ಅಂತ ಕೇಳಿದೆ. ಆ ಕಡೆಯ ಹೆಣ್ಣುಮಗಳು ನೇರ ಉತ್ತರ ಕೊಡಲಿಲ್ಲ. ಬೇರೆಯದೇ ಪ್ರಶ್ನೆಗಳನ್ನು ಕೇಳಿದಳು. ಅವನು ಯಾವತ್ತಾದರೂ ಕತ್ತು ಹಿಸುಕಿದ್ದಾನಾ? ಕೊಲ್ಲುತ್ತೇನೆ ಅಂದಿದ್ದಾನಾ? ನೀನು ಬಿಟ್ಟು ಹೋದರೆ ನಾನು ಸಾಯುತ್ತೇನೆ ಅಂದಿದ್ದಾನಾ? ಎಲ್ಲಿ ಹೋದರೂ ಹಿಂಬಾಲಿಸುತ್ತಾನಾ? ಹೊಡೆತ ಹೋದ ವರ್ಷಕ್ಕಿಂತ ಜಾಸ್ತಿಯಾಗಿದೆಯಾ? ಮಗುವಿಗೆ ಹೊಡೆಯುತ್ತಾನಾ? ಅರ್ಧಕ್ಕರ್ಧ ನನಗೆ ಗೊತ್ತಿರಲಿಲ್ಲ. ಕತ್ತು ಹಿಸುಕುವುದನ್ನು ಒಂದು ಏಟಿನ ಹಾಗೆ ಎಣಿಸಬಾರದು, ಒಮ್ಮೆ ಕತ್ತಿಗೆ ಕೈ ಹಾಕಿದವನ ಮನೆಯಲ್ಲಿ ಜೀವಕ್ಕೇ ಅಪಾಯ ಇದೆ ಅಂತ ತಿಳಿಯಬೇಕು ಅಂದಳು. ಇನ್ನೊಂದು ಮಾತು ಹೇಳಿದಳು, ಅದನ್ನು ಎಲ್ಲರೂ ತಿಳಿದಿರಬೇಕು ಅಂತ ನನಗೆ ಅನಿಸುತ್ತದೆ. ಹೆಣ್ಣು ಮನೆ ಬಿಟ್ಟು ಹೊರಡುವ ಹೊತ್ತು, ಮತ್ತು ಹೊರಟ ಮೇಲಿನ ಕೆಲವು ವಾರ, ಅದೇ ಎಲ್ಲಕ್ಕಿಂತ ಅಪಾಯದ ಸಮಯ. "ನೀವು ನಾಲ್ಕು ಜನ ಗಂಡಸರನ್ನ ಜೀಪಲ್ಲಿ ಕರ್ಕೊಂಡು ಹೋಗಿ ಗಲಾಟೆ ಮಾಡಬೇಡಿ. ಅವರು ಯಾವಾಗ ಹೊರಡಬೇಕು ಅನ್ನೋದು ಅವರಿಗೇ ಚೆನ್ನಾಗಿ ಗೊತ್ತಿರುತ್ತೆ. ನೀವು ರೆಡಿಯಾಗಿರಿ ಅಷ್ಟೇ."

ನಮ್ಮನೆಯವರು ಅವತ್ತೇ ಜೀಪಿಗೆ ಹೇಳಿಯಾಗಿತ್ತು. ಬೇಡ ಅಂತ ನಿಲ್ಲಿಸಿದೆ.

ಅವತ್ತಿನಿಂದ ದಿನಾ ಮಧ್ಯಾಹ್ನ ಅವಳಿಗೆ ಫೋನ್ ಮಾಡುತ್ತಿದ್ದೆ. ಮಳೆ, ಮಗಳ ಶೀತ, ಅಮ್ಮನ ಮಂಡಿನೋವು, ಇಷ್ಟೇ ಮಾತು. ಹೊಡೆತದ ವಿಷಯ ನಾನಾಗಿ ಎತ್ತಲಿಲ್ಲ. ಹದಿನೈದು ದಿನ ಆದಮೇಲೆ ಅವಳೇ ಎತ್ತಿದಳು. ಈ ಸಲ "ಯಾಕೆ" ಅನ್ನಲಿಲ್ಲ. "ನಾನೇನು ಮಾಡಲಿ ಹೇಳು" ಅಂದೆ. ನಿಧಾನವಾಗಿ ತಯಾರಿ ಶುರುವಾಯಿತು. ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಗಳ ಜನನ ಪ್ರಮಾಣಪತ್ರ, ಮದುವೆಯ ಎರಡು ಫೋಟೊ, ಒಂದು ಜೊತೆ ಬಟ್ಟೆ. ಇವೆಲ್ಲ ಪಕ್ಕದ ಮನೆಯ ಅಜ್ಜಿಯ ಅಕ್ಕಿ ಡಬ್ಬದ ಹಿಂದೆ ಸೇರಿದವು. ಆ ಅಜ್ಜಿ ಒಂದು ಮಾತೂ ಕೇಳದೆ ಇಟ್ಟುಕೊಂಡರಂತೆ. ಫೋನನ್ನು ಅವನು ನೋಡುತ್ತಿದ್ದನಲ್ಲ, ಅದಕ್ಕೆ ಒಂದು ಗುರುತಿನ ಮಾತು ಮಾಡಿಕೊಂಡೆವು. "ಸೀರೆಗೆ ಫಾಲ್ ಹಾಕಿಟ್ಟಿರು" ಅಂದರೆ ಹೊರಟಿದ್ದೇನೆ ಅಂತ.

2024ರ ಜನವರಿ, ಸಂಕ್ರಾಂತಿ ಮುಗಿದ ವಾರ, ಬೆಳಗ್ಗೆ ಐದೂ ಮುಕ್ಕಾಲಿಗೆ ಫೋನ್ ಬಂತು. ಗಂಟಲು ಕಟ್ಟಿದ ಹಾಗೆ ಇತ್ತು ದನಿ. "ಅಕ್ಕಾ, ಫಾಲ್ ಹಾಕಿಟ್ಟಿರು."

ಅವಳ ಕೈಯಲ್ಲಿ ಒಂದು ರೂಪಾಯಿ ಇರಲಿಲ್ಲ. ಐದು ವರ್ಷದ ಮಗಳನ್ನು ಕಟ್ಟಿಕೊಂಡು ಎರಡು ಬಸ್ ಬದಲಿಸಿ ಬಂದಳು. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡಿದ್ದಳು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಫ್ರೀ ಆಗಿತ್ತಲ್ಲ. ಆ ಯೋಜನೆ ಬಗ್ಗೆ ಯಾರು ಏನೇ ಅನ್ನಲಿ, ನನ್ನ ತಂಗಿ ಬದುಕಿ ಬಂದಿದ್ದು ಆ ಟಿಕೆಟಿನಲ್ಲಿ. ಆ ಯೋಜನೆ ಬರುವ ಮೊದಲು ಅವಳು ಬರದೆ ಉಳಿದಿದ್ದಕ್ಕೆ ಬಸ್ ಚಾರ್ಜೂ ಒಂದು ಕಾರಣ ಅಂತ ನನಗೆ ಆಮೇಲೆ ತಿಳಿಯಿತು. ನಾವು ಅದನ್ನು ಮನಸ್ಸಿನ ದೌರ್ಬಲ್ಯ ಅಂದುಕೊಂಡಿದ್ದೆವು.

ಅವನು ಕತ್ತು ಹಿಸುಕಿದ್ದ, ಆದರೆ ಕತ್ತಿನ ಮೇಲೆ ದೊಡ್ಡ ಗುರುತೇನೂ ಕಾಣಲಿಲ್ಲ. ಒಂದು ಕಡೆ ಸ್ವಲ್ಪ ಕೆಂಪು, ಅಷ್ಟೇ. ನಾನು ಬಿಸಿನೀರು ಕೊಟ್ಟು ಮಲಗಿಸಲು ಹೊರಟಿದ್ದೆ. ಜಿಲ್ಲಾ ಕೇಂದ್ರದಲ್ಲಿ ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ನೆರವು ಕೊಡುವ ಸರ್ಕಾರದ ಸಖಿ ಕೇಂದ್ರ ಇದೆ. ಅಲ್ಲಿಗೆ ಫೋನ್ ಮಾಡಿದರೆ, ಮೊದಲು ಡಾಕ್ಟರಿಗೆ ತೋರಿಸಿ ಅಂದರು. ಡಾಕ್ಟರ್ ಅವಳ ಕಣ್ಣಿನ ರೆಪ್ಪೆ ಮಗುಚಿ ನೋಡಿದರು. ಒಳಗೆ ಸೂಜಿ ಮೊನೆಯಂಥ ಕೆಂಪು ಚುಕ್ಕೆ. ನುಂಗುವಾಗ ನೋವಾ, ದನಿ ಬದಲಾಗಿದೆಯಾ, ಕಣ್ಣು ಕತ್ತಲೆ ಬಂತಾ, ಅರಿವಿಲ್ಲದೆ ಮೂತ್ರ ಹೋಯಿತಾ ಅಂತ ಕೇಳಿದರು. ಕೊನೇ ಪ್ರಶ್ನೆಗೆ ಅವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಹೊರಗೆ ಗುರುತೇ ಇಲ್ಲದೆ ಒಳಗೆ ಪೆಟ್ಟಾಗಿರಬಹುದು, ಊತ ಆಮೇಲೆ ಬರಬಹುದು ಅಂತ ಒಂದು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. "ಹೇಗಾಯ್ತು" ಅನ್ನುವ ಕಡೆ ಏನು ಬರೆಯಲಿ ಅಂತ ಕೇಳಿದಾಗ ತಂಗಿ ಅಭ್ಯಾಸಬಲದಿಂದ "ಬಚ್ಚಲಲ್ಲಿ..." ಅಂತ ಶುರು ಮಾಡಿ ನಿಲ್ಲಿಸಿದಳು. ಆಮೇಲೆ ಗಂಡ ಅಂದಳು. ಡಾಕ್ಟರ್ ಹಾಗೇ ಬರೆದರು. ಆ ಒಂದು ಸಾಲು ಮುಂದೆ ಕೋರ್ಟಿನಲ್ಲಿ ನಮ್ಮನ್ನು ಕಾಪಾಡಿತು.

ಮನೆಯೊಳಗಿನ ಹಿಂಸೆಯ ದೂರು ಬರೆದುಕೊಳ್ಳಲು ಸಂರಕ್ಷಣಾಧಿಕಾರಿ ಅಂತ ಒಬ್ಬರು ಇರುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ ಅವರೇ ಆ ಕೆಲಸವನ್ನೂ ಮಾಡುತ್ತಾರೆ. ಅವರ ಕಚೇರಿಯಲ್ಲಿ ಪೌಷ್ಟಿಕ ಆಹಾರದ ಮೂಟೆಗಳ ಪಕ್ಕ ಬೆಂಚು. ಅಲ್ಲಿ ಕೂತು ಕೌಟುಂಬಿಕ ಘಟನಾ ವರದಿ ಬರೆಸಿದೆವು. ಎಲ್ಲರೂ ಡಿಐಆರ್ ಅನ್ನುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಮೊದಲನೇ ನಮೂನೆಯೇ ಈ ವರದಿ.

ಆ ನಮೂನೆ ಓದುತ್ತಾ ಹೋದಂತೆ ತಂಗಿಯ ಮುಖ ಬದಲಾಯಿತು. ಹೊಡೆತಕ್ಕೆ ಒಂದು ಭಾಗ ಇತ್ತು. ಅದು ನಮಗೆ ಗೊತ್ತಿದ್ದಿದ್ದೇ. ಆದರೆ ಮುಂದೆ ಬಯ್ಗುಳಕ್ಕೆ, ಹೀಯಾಳಿಸುವುದಕ್ಕೆ, ಗಂಡುಮಗು ಹೆರಲಿಲ್ಲ ಅನ್ನುವುದಕ್ಕೆ, ಮನೆಯಿಂದ ಹೊರಗೆ ಬಿಡದಿರುವುದಕ್ಕೆ, ಸಾಯುತ್ತೇನೆ ಅಂತ ಹೆದರಿಸುವುದಕ್ಕೆ ಕೂಡ ಜಾಗ ಇತ್ತು. ಆರ್ಥಿಕ ಹಿಂಸೆ ಅಂತ ಇನ್ನೊಂದು ಭಾಗ. ಮನೆಖರ್ಚಿಗೆ ಕೊಡದಿರುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಸಂಬಳ ಕಿತ್ತುಕೊಳ್ಳುವುದು, ಕೇಳದೆ ಒಡವೆ ಅಡ ಇಡುವುದು. ಅವಳ ಗಾರ್ಮೆಂಟ್ಸ್ ಸಂಬಳದ ಎಟಿಎಂ ಕಾರ್ಡ್ ಅವನ ಹತ್ತಿರ ಇತ್ತು. ಅವಳ ಹೆಸರಲ್ಲಿ ಸಂಘದ ಸಾಲ 50 ಸಾವಿರ ಎತ್ತಿಸಿದ್ದ. ತಾಳಿ ಬಿಟ್ಟು ಉಳಿದ ಒಡವೆ ಎಲ್ಲ ಅಡ ಅಂಗಡಿಯಲ್ಲಿತ್ತು. "ಇದೂ ಲೆಕ್ಕಕ್ಕೆ ಬರುತ್ತಾ ಮೇಡಂ?" ಅಂತ ಕೇಳಿದಳು. ಬರುತ್ತಮ್ಮ ಅಂದರು ಅವರು.

ಲೈಂಗಿಕ ಹಿಂಸೆಯ ಭಾಗ ಬಂದಾಗ ತಂಗಿ ಸುಮ್ಮನಾದಳು. ಮೇಡಂ ಪೆನ್ನು ಕೆಳಗಿಟ್ಟರು. "ಅಕ್ಕಾ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಅಂದರು. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಒಳಗೆ ಏನು ಬರೆಸಿದಳೋ ನಾನು ಇವತ್ತಿಗೂ ಕೇಳಿಲ್ಲ.

ಇನ್ನೊಂದು ವಿಷಯ. ವರದಿ ಬರೆಸುವಾಗ ತಂಗಿ ಉದ್ದಕ್ಕೂ "ಅವರು" ಅಂತಲೇ ಹೇಳುತ್ತಿದ್ದಳು. ಅವರು ಕತ್ತು ಹಿಡಿದರು. ಅವರು ಗೋಡೆಗೆ ಬಡಿದರು. ಪಕ್ಕದಲ್ಲಿ ಕೂತ ನನಗೆ ಮೈ ಉರಿಯುತ್ತಿತ್ತು, ಆದರೂ ತಿದ್ದಲಿಲ್ಲ. ಅವಳು ತಾನಾಗಿ "ಅವನು" ಅಂದಿದ್ದು ಮೂರನೇ ತಿಂಗಳು, ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಾಗ. ಅಂದವಳು ತಾನೇ ಬೆಚ್ಚಿ ನನ್ನ ಕಡೆ ನೋಡಿದಳು.

ವಕೀಲರಿಗೆ ದುಡ್ಡು ಎಲ್ಲಿಂದ ತರುವುದು ಅನ್ನುವ ಚಿಂತೆ ಇತ್ತು. ಅದು ಬೇಕಾಗಲಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟೆವು. ವಿಚಾರಿಸಲು 15100ಕ್ಕೂ ಫೋನ್ ಮಾಡಬಹುದು. ಅವನ ಊರಿಗೇ ಹೋಗಿ ಕೇಸು ಹಾಕಬೇಕು ಅಂತ ನಮ್ಮ ಕಡೆಯವರೇ ಹೆದರಿಸಿದ್ದರು. ಅದೂ ಸುಳ್ಳು. ಅವಳು ಈಗ ತಾತ್ಕಾಲಿಕವಾಗಿ ಎಲ್ಲಿ ಇದ್ದಾಳೋ ಆ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ಹಾಕಬಹುದು.

ಪೊಲೀಸ್ ಕೇಸಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ವಕೀಲರು ಬಿಡಿಸಿ ಹೇಳಿದರು. ಗಂಡ, ಅವನ ಮನೆಯವರ ಕ್ರೌರ್ಯಕ್ಕೆ ಆಗಿನ್ನೂ ಇದ್ದ ಐಪಿಸಿಯ 498ಎ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಅದು ಶಿಕ್ಷೆ ಕೊಡಿಸುವ ದಾರಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿ ರಕ್ಷಣೆ, ಇರಲು ಜಾಗ, ಖರ್ಚಿಗೆ ಹಣ, ಮಗು, ಪರಿಹಾರ, ಇವನ್ನು ಕೇಳುವ ದಾರಿ. ಎರಡೂ ಒಟ್ಟಿಗೆ ಹಾಕಬಹುದು. ನನಗೆ ಅವನು ಜೈಲಿಗೆ ಹೋಗಬೇಕು ಅಂತ ಬಲವಾಗಿ ಇತ್ತು. ತಂಗಿ ಎರಡನೇ ದಾರಿ ಮಾತ್ರ ಸಾಕು ಅಂದಳು. ನಾನು ಜಗಳ ಆಡಲಿಲ್ಲ. ಇದು ಅವಳ ಕೇಸು.

ಮನೆ ಅತ್ತೆಯ ಹೆಸರಲ್ಲಿತ್ತು. ಅದಕ್ಕೆ ಅವಳಿಗೆ ಅಲ್ಲಿ ಹಕ್ಕೇ ಇಲ್ಲ ಅಂತ ಅವರ ಕಡೆಯವರು ಹೇಳಿ ಕಳಿಸಿದರು. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ತಳ್ಳಿಹಾಕಿದೆ. ಹೆಣ್ಣು ಸೊಸೆಯಾಗಿ ಬಾಳಿದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಅಲ್ಲಿ ಇರಲು ಕೇಳಬಹುದು. ತಂಗಿಗೆ ಆ ಮನೆ ಬೇಕಿರಲಿಲ್ಲ. ಅಷ್ಟೇ ಮಟ್ಟದ ಬೇರೆ ಮನೆಗೆ ಬಾಡಿಗೆ ಕೇಳಲೂ ಕಾಯ್ದೆಯಲ್ಲಿ ಜಾಗ ಇದೆ. ಅದನ್ನು ಕೇಳಿದೆವು.

ಕಾಯ್ದೆಯಲ್ಲಿ ಬರೆದ ಪ್ರಕಾರ ಮೊದಲ ವಿಚಾರಣೆಯ ತಾರೀಖು ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನಕ್ಕೆ ಅಲ್ಲಿಂದ 60 ದಿನದೊಳಗೆ ಪ್ರಯತ್ನ ಮಾಡಬೇಕು. ನಮ್ಮದು ಹಾಗೆ ಆಗಲಿಲ್ಲ. ಹೋಗುವವರು ಇದನ್ನು ತಿಳಿದೇ ಹೋಗಲಿ ಅಂತ ಹೇಳುತ್ತಿದ್ದೇನೆ. ಕೆಲವು ತಾರೀಖು ಬೆಳಗ್ಗೆ ಹತ್ತೂವರೆಗೆ ಹೋಗಿ ಕೂತರೆ ಕೇಸು ಕೂಗುವ ಹೊತ್ತಿಗೆ ಸಂಜೆ, ಕೂಗಿದ ಎರಡೇ ನಿಮಿಷಕ್ಕೆ ಮುಂದಿನ ವಾಯಿದೆ. ನೋಟಿಸ್ ಎರಡು ಸಲ ವಾಪಸು ಬಂತು. ಅವನು ಊರಲ್ಲೇ ಇದ್ದ. ಆದರೆ ಒಂದು ಕೆಲಸ ಬೇಗ ಆಯಿತು. ಎದುರು ಕಡೆಯವರು ಬರುವ ಮೊದಲೇ, ತಂಗಿಯ ಅಫಿಡವಿಟ್ ಮತ್ತು ಡಾಕ್ಟರ ಕಾಗದ ನೋಡಿ, ಎರಡನೇ ವಾಯಿದೆಗೇ ಮಧ್ಯಂತರ ರಕ್ಷಣಾ ಆದೇಶ ಸಿಕ್ಕಿತು. ಅವನು ಅವಳ ಹತ್ತಿರ, ನನ್ನ ಮನೆ, ಅಂಗಡಿ, ಮಗಳ ಶಾಲೆಯ ಹತ್ತಿರ ಬರುವಂತಿಲ್ಲ. ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20 ಸಾವಿರದವರೆಗೆ ದಂಡ, ಅಥವಾ ಎರಡೂ.

ಆ ಆದೇಶದ ಪ್ರತಿ ಅಂಗಡಿಯ ಡ್ರಾಯರಿನಲ್ಲಿ, ಶಾಲೆಯ ಹೆಡ್‌ ಮಿಸ್ ಹತ್ತಿರ, ನಮ್ಮೂರ ಠಾಣೆಯಲ್ಲಿ, ತಂಗಿಯ ಬ್ಯಾಗಿನಲ್ಲಿ ಇತ್ತು. ಏಪ್ರಿಲ್ ಕೊನೆಗೆ ಅವನು ಕುಡಿದು ಅಂಗಡಿ ಮುಂದೆ ಬಂದ. ಮಗಳು ಕಟಿಂಗ್ ಟೇಬಲ್ ಕೆಳಗೆ ಹೋಗಿ ಬಟ್ಟೆ ಚೂರುಗಳ ಮಧ್ಯೆ ಮುದುಡಿ ಕೂತಳು. ನಾನು ಶಟರ್ ಎಳೆದು 112ಕ್ಕೆ ಫೋನ್ ಮಾಡಿದೆ. ಬಂದವರಿಗೆ ಆದೇಶ ತೋರಿಸಿದೆ. ಅವರು ಓದಿದರು, ಅವನನ್ನು ಕರೆದುಕೊಂಡು ಹೋದರು. ಯಾಕೆ ಜಗಳ ಆಯಿತು, ಅವಳೇನಂದಳು ಅಂತ ಯಾರೂ ಕೇಳಲಿಲ್ಲ. ಕೈಯಲ್ಲಿ ಕಾಗದ ಇದ್ದಾಗ ಮಾತು ಹೇಗೆ ಬದಲಾಗುತ್ತದೆ ಅಂತ ಅವತ್ತು ನೋಡಿದೆ.

ಅದಾದ ವಾರಕ್ಕೇ ತಂಗಿ ವಾಪಸು ಹೋಗುವ ಮಾತೆತ್ತಿದಳು. ನಂಬುವುದು ಕಷ್ಟ ಅಲ್ವಾ? ಅವನ ಅಕ್ಕ ಫೋನ್ ಮಾಡಿ ಅತ್ತಿದ್ದಳಂತೆ. ಮಗಳು ಅಪ್ಪ ಎಲ್ಲಿ ಅಂತ ಕೇಳುತ್ತಿದ್ದಳು. ಬೀದಿಯ ಜನರ ಮಾತು ಬೇರೆ. ಹಳೆಯ ನಾನಾಗಿದ್ದರೆ ಕೂಗಾಡುತ್ತಿದ್ದೆ. ಸಖಿ ಕೇಂದ್ರದ ಆಪ್ತಸಮಾಲೋಚಕಿ ಮೊದಲೇ ಹೇಳಿದ್ದರು, ಬಿಟ್ಟು ಬರುವ ಬಹಳ ಹೆಣ್ಣುಮಕ್ಕಳು ಒಂದೇ ಸಲಕ್ಕೆ ಬಿಟ್ಟು ಬರುವುದಿಲ್ಲ, ಹೋಗಿ ಬಂದು ಹೋಗಿ ಬಂದು ಕೊನೆಗೆ ಬಿಡುತ್ತಾರೆ ಅಂತ. "ಹೋಗೋದಾದ್ರೆ ಹೋಗು" ಅಂದೆ. "ಬ್ಯಾಗು ಇಲ್ಲೇ ಇರುತ್ತೆ. ಮಧ್ಯರಾತ್ರಿ ಬಂದ್ರೂ ಬಾಗಿಲು ತೆಗೀತೀನಿ. ಯಾಕೆ ಬಂದೆ ಅಂತ ಕೇಳಲ್ಲ." ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಎದ್ದು ಮಗಳಿಗೆ ತಲೆ ಬಾಚಿ, ಮುಂದಿನ ವರ್ಷಕ್ಕೆ ಶಾಲೆಗೆ ಸೇರಿಸುವ ಫಾರಂ ತುಂಬಿದಳು.

ಜೀವನಾಂಶದ ವಿಷಯಕ್ಕೆ ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರ ಪ್ರಮಾಣ ಮಾಡಿ ಕೊಡಬೇಕು. 2020ರ ನವೆಂಬರಿನ ರಜನೀಶ್ ಮತ್ತು ನೇಹಾ ಕೇಸಿನ ತೀರ್ಪಿನಿಂದ ಬಂದ ಪದ್ಧತಿ ಇದು. ಅವನು ಸ್ವಂತ ಗೂಡ್ಸ್ ಗಾಡಿ ಇದ್ದರೂ ಕೂಲಿ ಡ್ರೈವರ್ ಅಂತ ಬರೆದುಕೊಟ್ಟ. ಗಾಡಿ ಅವನ ಹೆಸರಲ್ಲೇ ಇತ್ತು, ಅದರ ಇನ್ಶೂರೆನ್ಸ್ ಕಾಗದದ ಫೋಟೊ ತಂಗಿಯ ಹಳೇ ಫೋನಿನಲ್ಲಿ ಸಿಕ್ಕಿತು. ಜೂನ್‌ನಲ್ಲಿ ತಾಯಿ ಮಗಳಿಬ್ಬರಿಗೂ ಸೇರಿ ತಿಂಗಳಿಗೆ 6,000 ಮಧ್ಯಂತರ ಆದೇಶ ಆಯಿತು. ಮೂರು ತಿಂಗಳು ಕೊಟ್ಟ, ನಿಲ್ಲಿಸಿದ.

ಪಾಟೀಸವಾಲು ನಡೆದ ದಿನ ನಾನು ಹೊರಗೆ ನಿಂತಿದ್ದೆ. ಅವನ ಕಡೆಯ ವಕೀಲರು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಹೊಡೆಯುತ್ತಿದ್ದರೆ ಐದು ವರ್ಷ ಯಾಕೆ ಜೊತೆಗಿದ್ದಿರಿ, ಹಬ್ಬದ ಫೋಟೊದಲ್ಲಿ ನಗುತ್ತಿದ್ದೀರಲ್ಲ, ಗಾಯ ಇದ್ದರೆ ತವರಿನವರಿಗೆ ಕಾಣುತ್ತಿರಲಿಲ್ಲವೇ ಅಂತ. ಕೊನೆಯದಕ್ಕೆ ಅವಳು ಹೇಳಿದ್ದನ್ನು ನಮ್ಮ ವಕೀಲರು ಆಮೇಲೆ ನನಗೆ ತಿಳಿಸಿದರು. "ನಮ್ಮಕ್ಕ ಟೈಲರ್. ತೋಳು ಉದ್ದ ಇಡಿಸಿಕೊಳ್ಳುತ್ತಿದ್ದೆ." ನಾನು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತೆ.

2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಲೆಕ್ಕ ಇದೆ. ಮದುವೆಯಾದ, 18ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆ. ದೇಶದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಸಹಾಯ ಕೇಳಿದವರು ಶೇ 14 ಮಾತ್ರ. ದಿನಕ್ಕೆ ಹತ್ತು ಜನರ ಅಳತೆ ತೆಗೆಯುವ ನನಗೆ ಆ ಲೆಕ್ಕ ಎದೆಗೆ ನಾಟಿತು. ಈಗ ಟ್ರಯಲ್ ರೂಮಿನ ಕನ್ನಡಿ ಮೂಲೆಯಲ್ಲಿ 181 ಅಂತ ಬರೆದು ಅಂಟಿಸಿದ್ದೇನೆ. ಗಂಡ ಜೊತೆಗೆ ಬಂದರೂ ಅಲ್ಲಿಗೆ ಒಬ್ಬಳೇ ಹೋಗುತ್ತಾಳಲ್ಲ. ಯಾರಾದರೂ ತೋಳು ಉದ್ದ ಇಡಿ ಅಂದರೆ ಗಾಬರಿ ಬೀಳುವುದಿಲ್ಲ, ಬಹಳ ಜನಕ್ಕೆ ಅದು ಇಷ್ಟವೇ. ಟೇಪು ಹಾಕುವಾಗ ಬೆಚ್ಚಿದರೆ ಮಾತ್ರ, ಬೇರೆಯವರು ಇಲ್ಲದಾಗ, ಮೆಲ್ಲಗೆ "ಮನೇಲಿ ಎಲ್ಲ ಆರಾಮಾ?" ಅಂತ ಕೇಳುತ್ತೇನೆ. ಹೆಚ್ಚಿನವರು ಹೂಂ ಅನ್ನುತ್ತಾರೆ. ಇಬ್ಬರು ಹೂಂ ಅನ್ನಲಿಲ್ಲ.

ಅಂತಿಮ ಆದೇಶ ಬಂದಿದ್ದು 2025ರ ಆಗಸ್ಟಿನಲ್ಲಿ. ರಕ್ಷಣಾ ಆದೇಶ ಮುಂದುವರಿದಿದೆ. ಮಗಳು ತಾಯಿಯ ಹತ್ತಿರ. ತಿಂಗಳಿಗೆ 8,000 ಜೀವನಾಂಶ, 3,000 ಬಾಡಿಗೆ, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಒಡವೆ ವಾಪಸು ಕೊಡಬೇಕು ಅಂತಲೂ ಇದೆ. ಬಳೆ ಮಾತ್ರ ಬಂದಿದೆ, ಸರ ಬಂದಿಲ್ಲ. ತಂಗಿ ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಅಡುಗೆಮನೆಯ ಬಾಡಿಗೆ ಮನೆ ಮಾಡಿದ್ದಾಳೆ. ಓವರ್‌ಲಾಕ್ ಮಷಿನ್ ಅವಳೇ ನೋಡಿಕೊಳ್ಳುತ್ತಾಳೆ. ಸಂಘದ ಸಾಲದ ಕಂತು ಇನ್ನೂ ಅವಳ ತಲೆ ಮೇಲೇ ಇದೆ. ಬಾಕಿ ವಸೂಲಿಗೆ ಹಾಕಿದ ಅರ್ಜಿ ನಡೆಯುತ್ತಿದೆ. ಮುಂದಿನ ವಾಯಿದೆಗೆ ನಾನು ಬರಬೇಕಾ ಅಂತ ಕೇಳಿದೆ. ಬೇಡ ಅಕ್ಕಾ, ಸೀಸನ್ ಟೈಮು, ನೀನು ಅಂಗಡಿ ನೋಡ್ಕೋ, ಮಗಳನ್ನ ನಾಲ್ಕು ಗಂಟೆಗೆ ಶಾಲೆಯಿಂದ ಕರ್ಕೊಂಡು ಬಾ ಅಂದಳು.